ಮೆಣಸಿನ ಗಿಡಕ್ಕೆ ಲಸಿಕೆ ಹಾಕುತ್ತಿದ್ದೆವು

ಸಸ್ಯರೋಗ ವಿಭಾಗಕ್ಕೆ ಹೊಸದಾಗಿ ಸೇರಿದ ಇಬ್ಬರು ಮೊನ್ನೆ ನಮ್ಮ ಮನೆಗೆ ಬಂದಿದ್ದರು. ಚಹಾ ಕುಡಿಯುತ್ತ ಒಬ್ಬಾತ ಸುದ್ದಿ ಹೇಳಿದ: ಈಗ ತಂಬಾಕಿನ ಜಾತಿಯ ಗಿಡದೊಳಗೆ ಮನುಷ್ಯರ ವೈರಸ್ ರೋಗಗಳಿಗೆ ಲಸಿಕೆ ತಯಾರಿಸುತ್ತಾರಂತೆ, ಗಿಡವೇ ಕಾರ್ಖಾನೆಯಂತೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. "ನಿಮ್ಮ ಕಾಲದಾಗ ಇಂಥಾವೇನೂ ಇರಲಿಲ್ಲ ಅಲ್ರಿ ಸರ?" ಎಂದು ಕೇಳಿಬಿಟ್ಟ. ನನಗೆ ಸಿಟ್ಟು ಬಂತು. "ಇತ್ತಪಾ. ನಾವೂ ತಂಬಾಕಿನ ಗಿಡದಾಗ ಲಸಿಕೆ ಮಾಡೀವಿ. ಹಾಕಿದ್ದು ಮಾತ್ರ ಮೆಣಸಿನ ಗಿಡಕ್ಕ" ಎಂದೆ. ಇಬ್ಬರೂ ನಕ್ಕರು. ಮುದುಕ ಚಾಷ್ಟಿ ಮಾಡುತ್ತಿದ್ದಾನೆ ಎಂದುಕೊಂಡಿರಬೇಕು.

ಅವರು ಹೋದ ಮೇಲೆ ಇದನ್ನು ಬರೆಯಲು ಕುಳಿತೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವಾಗ ತಪ್ಪಿತು ಎಂಬುದು ಈಗ ನನ್ನ ಹೆಂಡತಿಗೇ ನೆನಪಿಲ್ಲ, ಹಾಗಾಗಿ ಅದನ್ನು ಬಿಡುತ್ತೇನೆ. ಈ ಕೆಲಸಕ್ಕೆ ಬರುವವರಿಗೆ ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ಯಾರೂ ಹೇಳುವುದಿಲ್ಲ. ನನಗೂ ಯಾರೂ ಹೇಳಿರಲಿಲ್ಲ.

ಎಂಬತ್ತರ ದಶಕದಲ್ಲಿ ನಾನು ಧಾರವಾಡದ ಕಡೆಯ ಒಂದು ಸಂಶೋಧನಾ ಕೇಂದ್ರದಲ್ಲಿ ಕ್ಷೇತ್ರ ಸಹಾಯಕನಾಗಿದ್ದೆ. ಹೆಸರು ದೊಡ್ಡದು. ಕೆಲಸವೆಂದರೆ ಗೂಟ ಬಡಿಯುವುದು, ಎಲೆ ಎಣಿಸುವುದು, ಸಾಹೇಬರ ಛತ್ರಿ ಹಿಡಿದುಕೊಳ್ಳುವುದು. ನಮ್ಮ ಪಾಲಿಗೆ ಬಂದಿದ್ದ ಬೆಳೆ ಮೆಣಸಿನಕಾಯಿ. ಕುಂದಗೋಳ, ಅಣ್ಣಿಗೇರಿಯ ಎರೆ ಹೊಲಗಳಲ್ಲಿ ಮಳೆಯನ್ನೇ ನಂಬಿ ಬೆಳೆಯುವ ಕೆಂಪು ಮೆಣಸಿನಕಾಯಿ. ಅದಕ್ಕೆ ಬೀಳುವ ದೊಡ್ಡ ಪಿಡುಗು ಮುರುಟು ರೋಗ. ಎಲೆ ಮುದುಡಿ, ಹಸಿರು ಹಳದಿ ಮಚ್ಚೆಯಾಗಿ, ಗಿಡ ಬೆಳೆಯುವುದನ್ನೇ ಮರೆತು ಕೂರುತ್ತದೆ. ಹಿಡಿದ ನಾಲ್ಕು ಕಾಯಿ ಸೊಟ್ಟಗಾಗುತ್ತವೆ. ಇದಕ್ಕೆ ನುಸಿಯೂ ಕಾರಣ, ಕಣ್ಣಿಗೆ ಕಾಣದ ನಂಜಾಣು, ಅಂದರೆ ವೈರಸ್ಸೂ ಕಾರಣ. ನುಸಿಯದ್ದು ಕೀಟ ವಿಭಾಗಕ್ಕೆ ಸೇರಿದ್ದು. ನಮಗೂ ಅವರಿಗೂ ಮಾತುಕತೆ ಇರಲಿಲ್ಲ. ಆದ್ದರಿಂದ ನಮ್ಮ ವರದಿಗಳಲ್ಲಿ ಮುರುಟಿಗೆ ನಂಜಾಣು ಒಂದೇ ಕಾರಣವಾಗಿತ್ತು.

ನಂಜಾಣುವಿನಲ್ಲಿ ಸಾಧುವೂ ಇದೆ, ಕ್ರೂರಿಯೂ ಇದೆ. ಸಾಧು ತಳಿಯನ್ನು ಸಸಿಗೆ ಮೊದಲೇ ಹತ್ತಿಸಿದರೆ ಗಿಡಕ್ಕೆ ಅಷ್ಟೇನೂ ತೊಂದರೆಯಾಗುವುದಿಲ್ಲ, ಆಮೇಲೆ ಅದೇ ಕುಲದ ಕ್ರೂರಿ ಬಂದರೆ ಒಳಗೆ ಜಾಗ ಸಿಗುವುದಿಲ್ಲ. ಇದೇ ನಮ್ಮ ಲಸಿಕೆ. ಆ ಸಾಧು ತಳಿಯನ್ನು ಜಾಲರಿ ಮನೆಯೊಳಗೆ ತಂಬಾಕಿನ ಗಿಡಗಳಲ್ಲಿ ಸಾಕುತ್ತಿದ್ದೆವು. ಎಲೆ ಕೊಯ್ದು, ಕಲ್ಲಿನಲ್ಲಿ ಅರೆದು, ತೆಳು ಬಟ್ಟೆಯಲ್ಲಿ ಸೋಸಿ, ರಸವನ್ನು ಬರ್ಫಿನ ಥರ್ಮಾಸಿನಲ್ಲಿ ಇಟ್ಟುಕೊಂಡು ಹಳ್ಳಿಗೆ ಹೋಗುತ್ತಿದ್ದೆವು. ಅಲ್ಲಿ ಸಸಿಯ ಎಲೆಯ ಮೇಲೆ ಸಾಣೆಪುಡಿಯಂಥ ಒಂದು ನುಣ್ಣನೆ ಪುಡಿ ಉದುರಿಸಿ, ಅರಳೆಯಿಂದ ರಸ ಸವರುವುದು. ಪುಡಿಯಿಂದ ಎಲೆಗೆ ಸಣ್ಣ ಗೀರು ಬಿದ್ದು ರಸ ಒಳಗಿಳಿಯುತ್ತದೆ. ಹೀಗೆ ಒಂದೊಂದೇ ಎಲೆ. ನಿಮ್ಮ ಈಗಿನ ಯಂತ್ರಗಳ ಜಾಗದಲ್ಲಿ ನಮ್ಮಲ್ಲಿ ಹೆಬ್ಬೆರಳಿತ್ತು.

ಈ ಕೆಲಸದ ದೊಡ್ಡ ಶತ್ರು ತಂಬಾಕು. ಗಿಡದ ತಂಬಾಕಲ್ಲ, ಬಾಯಿಯ ತಂಬಾಕು. ಬೀಡಿ, ನಶ್ಯ, ಸುಣ್ಣ ಹಚ್ಚಿ ತಿಕ್ಕುವ ಎಲೆ, ಎಲ್ಲದರಲ್ಲೂ ಕ್ರೂರಿ ನಂಜಾಣು ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ತಂಬಾಕು ತಿಕ್ಕಿದ ಕೈಯಿಂದ ಸಸಿ ಮುಟ್ಟಿದರೆ ರೋಗವನ್ನು ಕೈಯಾರೆ ಹಚ್ಚಿದಂತೆ. ಇದಕ್ಕೆ ಪರಿಹಾರ ಹಾಲು. ಹಾಲಿನಲ್ಲಿ ಕೈ ತೊಳೆದರೆ ನಂಜಾಣು ನಿಷ್ಕ್ರಿಯವಾಗುತ್ತದೆ. ಹಾಗಾಗಿ ನಮ್ಮ ವಿಭಾಗಕ್ಕೆ ದಿನಾಲೂ ಹಾಲು ಬರುತ್ತಿತ್ತು. ಲೆಕ್ಕ ತಪಾಸಣೆಗೆ ಬಂದವರು ಪ್ರತಿ ವರ್ಷ ಅದೇ ಆಕ್ಷೇಪಣೆ ಬರೆಯುತ್ತಿದ್ದರು: ವಿಭಾಗದಲ್ಲಿ ಕರುಗಳಿಲ್ಲ, ರೋಗಿಗಳಿಲ್ಲ, ಹಾಲು ಯಾರಿಗೆ? ಕೈ ತೊಳೆಯಲು ಎಂದು ಉತ್ತರ ಕಳಿಸಿದರೆ ಉದ್ಧಟತನದ ಉತ್ತರವೆಂದು ವಾಪಸು ಬರುತ್ತಿತ್ತು. ಒಂದಿಷ್ಟು ಹಾಲು ಚಹಾಕ್ಕೂ ಹೋಗುತ್ತಿತ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ಒಮ್ಮೆ ದೂರದಿಂದ ಒಬ್ಬ ದೊಡ್ಡ ಅಧಿಕಾರಿ ನಮ್ಮ ಜಾಲರಿ ಮನೆ ನೋಡಲು ಬಂದರು. ಗಿಡಗಳೆಂದರೆ ಅವರಿಗೆ ಜೀವ. ಬಾಗಿಲಲ್ಲಿ ನಿಂತು ಚಿಟಿಕೆ ನಶ್ಯ ಏರಿಸಿದರು, ಸೀನಿದರು, ಒಳಗೆ ಬಂದು, ಇನ್ನೂ ಸಾಧು ತಳಿ ಹತ್ತಿಸಿರದ ಹೊಸ ಸಾಲಿನ ಒಂದೊಂದು ಗಿಡದ ಎಲೆಯನ್ನೂ ಮಕ್ಕಳ ಗಲ್ಲ ಹಿಂಡಿದ ಹಾಗೆ ಹಿಂಡಿ, "ವಾಹ್, ವಾಹ್" ಎನ್ನುತ್ತ ಹೊರಟರು. ನಾನು ಹಾಲಿನ ಬೋಗುಣಿ ಹಿಡಿದು ಹಿಂದೆಯೇ ಓಡಾಡಿದೆ. ಕುಡಿಯಲು ಕೊಡುತ್ತಿದ್ದೇನೆ ಎಂದು ತಿಳಿದು, "ಬ್ಯಾಡಪಾ, ನನಗ ಸಕ್ಕರಿ ಕಾಯಿಲೆ ಐತಿ" ಎಂದರು. ಹದಿನೈದು ದಿನಗಳಲ್ಲಿ ಇಡೀ ಸಾಲು ಮಚ್ಚೆಯೆದ್ದು ಹೋಯಿತು. ಹಲವು ತಿಂಗಳ ಕೆಲಸ ಬೆಂಕಿಗೆ ಹಾಕಿದೆವು. ಅವರು ಮಾತ್ರ ನಮ್ಮ ಗಿಡಗಳ ಆರೋಗ್ಯ ಮೆಚ್ಚಿ ಪತ್ರ ಬರೆದಿದ್ದರು.

ಲಸಿಕೆ ಎಂಬ ಮಾತೇ ಆಗ ಹಳ್ಳಿಯಲ್ಲಿ ಅಪಾಯದ ಮಾತು. ಕಲಘಟಗಿ ಕಡೆ ಬಮ್ಮಿಗಟ್ಟಿಗೆ ನಮ್ಮ ಜೀಪು ಹೋದಾಗ, ಲಸಿಕೆಯವರು ಬಂದರು ಎಂಬ ಸುದ್ದಿ ನಮಗಿಂತ ಮುಂಚೆ ಊರು ಹೊಕ್ಕಿತು. ಗಂಡಸರು ಸಂತಾನಹರಣದ ಶಿಬಿರವೆಂದು ತಿಳಿದು ಹೊಲದ ಹಾದಿ ಹಿಡಿದರು. ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಬಂದು ಸಾಲಾಗಿ ನಿಂತರು. ಲಸಿಕೆ ಮೆಣಸಿನ ಗಿಡಕ್ಕೆ ಎಂದು ನಾನು ಕೂಗಿ ಹೇಳಬೇಕಾಯಿತು. ಒಬ್ಬ ಮುದುಕಿ ಬಹಳ ಹೊತ್ತು ನನ್ನ ಮುಖ ನೋಡಿ, "ಮನಶ್ಯಾರದ್ದೆಲ್ಲಾ ಮುಗೀತೇನಪಾ?" ಎಂದು ಕೇಳಿದಳು. ಆ ಊರಿನಲ್ಲಿ ನಮಗೆ ಪ್ರಯೋಗಕ್ಕೆ ಒಂದು ಗುಂಟೆ ಭೂಮಿಯೂ ಸಿಗಲಿಲ್ಲ.

ಆಗ ನಮ್ಮ ಮೇಲಿದ್ದವರು ಇನಾಮದಾರ ಸಾಹೇಬರು. ಒಮ್ಮೆ ಪರದೇಶಕ್ಕೆ ಹೋಗಿ ಬಂದವರು, ಪೂರ್ತಿ ವಾಪಸು ಬಂದಿರಲಿಲ್ಲ. ಕೆಟ್ಟವರಲ್ಲ. ಆದರೆ ಅವರ ಪ್ರಕಾರ ಒಂದು ಕೆಲಸ ಸರಿಯಾಗಿ ಆಗಬೇಕಾದರೆ ಅದನ್ನು ಅವರು ಮಾಡಬೇಕು, ಅಥವಾ ಅವರ ಎದುರಿಗೆ ಆಗಬೇಕು. ಬಮ್ಮಿಗಟ್ಟಿಯ ನಂತರ ಅವರು ಗುಡಗೇರಿ ಆರಿಸಿದರು. ಅಲ್ಲಿ ಹಿಂದಿನ ವರ್ಷ ಮುರುಟು ಬಿದ್ದು ಊರಿಗೆ ಊರೇ ಮೆಣಸಿನಕಾಯಿ ಕಳೆದುಕೊಂಡಿತ್ತು. ರೈಲು ನಿಲ್ಲುತ್ತದೆ ಎಂಬುದು ಇನ್ನೊಂದು ಕಾರಣ, ನಮ್ಮ ಜೀಪಿನ ಮೇಲೆ ಯಾರಿಗೂ ನಂಬಿಕೆ ಇರಲಿಲ್ಲ.

ಊರ ಹಿರಿಯರು ರುದ್ರಗೌಡರು ತಮ್ಮ ಪಡಸಾಲೆಯಲ್ಲಿ ರೈತರನ್ನು ಕರೆಸಿ ಕೂಡಿಸಿದರು. ಸಾಹೇಬರು ಅರ್ಧ ಗಂಟೆ ಭಾಷಣ ಮಾಡಿದರು. ಮುಗಿದ ಮೇಲೆ ಈರಪ್ಪ ಎಂಬ ರೈತ ಎದ್ದ. ದೊಡ್ಡ ಕಮತ, ದೊಡ್ಡ ಧ್ವನಿ. "ಅಂದ್ರ ನೀವು ರೋಗಾ ತಂದು ನಮ್ಮ ಅಗೀಗೆ ಹಚ್ಚವ್ರು. ಹೌದಿಲ್ರಿ?" ಎಂದ. ಅಗಿ ಎಂದರೆ ನಮ್ಮ ಕಡೆ ನಾಟಿಯ ಸಸಿ. ಸಾಹೇಬರು ಹಾಗಲ್ಲ ಎಂದು ಮತ್ತೆ ವಿವರಿಸಿದರು. ಈರಪ್ಪ ಹೇಳಿದ್ದು ಪೂರ್ತಿ ನಿಜವೇ ಆಗಿತ್ತು. ಪಡಸಾಲೆ ಖಾಲಿಯಾಯಿತು.

ಬಾಗಿಲ ಹೊರಗೆ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಹೆಸರು ನೀಲವ್ವ, ಈರಪ್ಪನ ತೀರಿಕೊಂಡ ತಮ್ಮನ ಹೆಂಡತಿ. ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು ನನ್ನನ್ನು ಕೇಳಿದಳು: "ಅಣ್ಣಾರ, ಇದು ನಮಗ ಸಣ್ಣಂದಿರದಾಗ ದೇವಿ ಹಾಕತಿದ್ರಲ್ರಿ, ಹಂಗ ಏನ್ರಿ?" ತೋಳಿನ ಮೇಲಿನ ಸಿಡುಬಿನ ಚುಚ್ಚುಮದ್ದಿನ ಗುರುತು ತೋರಿಸಿದಳು. ಹೌದೆಂದೆ. "ಹಂಗಿದ್ರ ನನ್ನ ಅಗೀಗೆ ಹಾಕ್ರಿ" ಎಂದಳು. ಸಾಹೇಬರ ಅರ್ಧ ಗಂಟೆ ಆಕೆಗೆ ಒಂದು ಮಾತಿನಲ್ಲಿ ಮುಗಿದಿತ್ತು.

ಅವಳ ಪರಿಸ್ಥಿತಿಯನ್ನು ರುದ್ರಗೌಡರು ನಮಗೆ ಆಮೇಲೆ ಹೇಳಿದರು. ಗಂಡ ಸತ್ತ ಮೇಲೆ ಅವಳ ಪಾಲಿನ ಹೊಲವನ್ನು ತಾನೇ ಮಾಡುತ್ತೇನೆ, ವರ್ಷಕ್ಕಿಷ್ಟು ಕಾಳು ಹಾಕುತ್ತೇನೆ ಎಂದು ಈರಪ್ಪನ ಮಾತು. ಕೂಲಿ ಆಳನ್ನಿಟ್ಟು ತಾನೇ ಮಾಡಿಸುತ್ತೇನೆ ಎಂದು ನೀಲವ್ವನ ಹಟ. ಹಿರಿಯರು ಕೂಡಿ ಒಂದು ತೀರ್ಮಾನಕ್ಕೆ ಬಂದಿದ್ದರು. ಈ ಒಂದು ಹಂಗಾಮು ನೀಲವ್ವ ಮಾಡಲಿ. ಪೀಕು ಮನೆಗೆ ತಂದರೆ ಹೊಲ ಅವಳ ಕೈಯಲ್ಲೇ ಇರಲಿ. ಕೆಟ್ಟರೆ ಈರಪ್ಪನ ಕಮತಕ್ಕೆ ಸೇರಲಿ. "ಆಕಿ ಸೋತ್ಲು ಅಂದ್ರ ತನ್ನ ಹೊಲದಾಗ ತಾನ ಭಾವನ ಆಳಾಗಿ ಕಳೆ ತಗೀಬೇಕಾಗತೈತಿ. ನೋಡಕೊಂಡ ಮಾಡ್ರಿ ಸಾಹೇಬ್ರ" ಎಂದರು ಗೌಡರು.

ಸಾಧು ತಳಿ ಸಾಧುವಾಗಿಯೇ ಇರುತ್ತದೆ ಎಂದು ಯಾರೂ ಬರೆದುಕೊಟ್ಟಿರಲಿಲ್ಲ. ಜಾಲರಿ ಮನೆಯಲ್ಲಿ ಒಂದೆರಡು ಸಲ ಅದು ಬುದ್ಧಿ ಕೆಡಿಸಿಕೊಂಡದ್ದನ್ನು ನಾನೇ ನೋಡಿದ್ದೆ. ಬೇರೆ ಹೊಲ ನೋಡೋಣ ಎಂದು ಸಾಹೇಬರಿಗೆ ಹೇಳಿದೆ. "ಬೇರೆ ಯಾರ ಕೊಡತಾರ?" ಎಂದರು.

ಮಳೆಗಾಲದ ಮೊದಲಲ್ಲಿ ನೀಲವ್ವನ ಮಡಿಗಳಲ್ಲಿ ಸಸಿ ಎದ್ದವು. ಎರಡು ಮಡಿ. ಒಂದಕ್ಕೆ ಲಸಿಕೆ, ಇನ್ನೊಂದಕ್ಕೆ ಇಲ್ಲ. ಲಸಿಕೆ ಹಾಕದ ಭಾಗ ಇದ್ದರೆ ತಾನೇ ಹಾಕಿದ್ದಕ್ಕೆ ಏನು ಫಲವಾಯಿತು ಎಂದು ಗೊತ್ತಾಗುವುದು? ಇದನ್ನು ಸಾಹೇಬರು ಹೇಳಿದರು, ನಾನು ಹೇಳಿದೆ, ನೀಲವ್ವ ಎರಡಕ್ಕೂ "ಹೂಂ ರಿ" ಎಂದಳು. ಹಳ್ಳಿಯಲ್ಲಿ ಹೂಂ ಎಂದರೆ ಕೇಳಿಸಿತು ಎಂದು ಅರ್ಥ, ಒಪ್ಪಿದೆ ಎಂದಲ್ಲ. ಇದನ್ನು ಹೊಸಬರು ಬರೆದಿಟ್ಟುಕೊಳ್ಳಬಹುದು.

ಕೆಲಸಕ್ಕೆ ಬಂದ ಹೆಂಗಸರಿಗೆಲ್ಲ ಹಾಲಿನಲ್ಲಿ ಕೈ ತೊಳೆಯಲು ಹೇಳಿದಾಗ ದೊಡ್ಡ ಗಲಿಬಿಲಿಯಾಯಿತು. ಅವರಲ್ಲಿ ಬಹಳ ಮಂದಿ ಬೆಳಿಗ್ಗೆ ಸುಟ್ಟ ತಂಬಾಕಿನ ಪುಡಿಯಿಂದ ಹಲ್ಲು ತಿಕ್ಕುವವರು, ಆದ್ದರಿಂದ ಬಿಡುವಂತಿರಲಿಲ್ಲ. "ಕೂಸಿಗೆ ಹಾಲಿಲ್ಲ, ಕೈಗೆ ಹಾಲು!" ಎಂದು ಒಬ್ಬಳು ಸಿಡುಕಿದಳು. ನೀಲವ್ವ ತನ್ನ ಎಮ್ಮೆಯ ಹಾಲನ್ನೇ ಗಂಗಾಳಕ್ಕೆ ಸುರಿದು, ಮೊದಲು ತಾನೇ ಕೈ ಅದ್ದಿದಳು. ಊರಿನಲ್ಲಿ ಮರುದಿನ ಸುದ್ದಿ: ಧಾರವಾಡದವರು ನೀಲವ್ವನ ಹೊಲದಲ್ಲಿ ಏನೋ ಪೂಜೆ ಮಾಡಿಸುತ್ತಿದ್ದಾರೆ. ಸಾಹೇಬರಿಗೆ ಇದು ಬಹಳ ನೋವು ಕೊಟ್ಟಿತು.

ನಾಟಿಯಾದ ಮೇಲೆ ಹೊಲದ ಒಂದು ಅರ್ಧದಲ್ಲಿ ಲಸಿಕೆಯ ಸಸಿ, ಇನ್ನೊಂದು ಅರ್ಧದಲ್ಲಿ ಬರೀ ಸಸಿ. ನಡುವೆ ಬಿಳಿ ಗೂಟ. ಎರಡೂ ಕಡೆ ಬೋರ್ಡು. ಕೆಲವು ದಿನಗಳ ನಂತರ ನಾನೊಬ್ಬನೇ ಪ್ಯಾಸೆಂಜರ್ ಗಾಡಿಯಲ್ಲಿ ಇಳಿದು ನೋಡಲು ಹೋದೆ. ಲಸಿಕೆ ಹಾಕದ ಅರ್ಧದಲ್ಲಿ ಬಗ್ಗಿ ಒಂದು ಎಲೆ ತಿರುವಿದೆ. ಎಲೆಯ ಸಂದಿಯಲ್ಲಿ ಕೆಂಪು ಪುಡಿ. ಮುಂದಿನ ಗಿಡದಲ್ಲೂ ಕೆಂಪು ಪುಡಿ, ಅದರ ಮುಂದಿನದರಲ್ಲೂ. ಎಲೆಗಳ ಮೇಲೆ ತಿಕ್ಕಿದ ಗುರುತು.

"ಅಕ್ಕಾರ, ಇದೇನ್ರಿ?"

ನೀಲವ್ವ ಕಳೆ ತೆಗೆಯುತ್ತಿದ್ದವಳು ಎದ್ದು ಬಂದಳು. ಮುಖದಲ್ಲಿ ಅಂಜಿಕೆ ಇರಲಿಲ್ಲ. "ಇಟ್ಟಂಗಿ ಪುಡಿರಿ. ನಿಮ್ಮ ಪುಡಿ ನನ್ನ ಕಡೆ ಎಲ್ಲಿ ಬರಬೇಕು?"

"ಮತ್ತ ರಸ?"

"ನೀವು ಹಾಕಿದ ಅಗಿಯೊಳಗಿಂದ ಒಂದೊಂದ ಎಲಿ ಹರಕೊಂಡು ಅರದೆನ್ರಿ. ಹೆಪ್ಪ ಹಾಕಾಕ ನಿನ್ನಿ ಮೊಸರ ಸಾಕಲ್ರಿ, ಪ್ಯಾಟಿಯಿಂದ ತರಬೇಕೇನು? ಹಾಲಾಗ ಕೈ ತೊಳಕೊಂಡ ಮಾಡೀನ್ರಿ ಮತ್ತ, ಸುಳ್ಳಲ್ಲ."

ನಾನು ತಲೆಯ ಮೇಲೆ ಕೈ ಹೊತ್ತು ಬದುವಿನ ಮೇಲೆ ಕೂತೆ. ಹಾಕಬಾರದೆಂದು ಎಷ್ಟು ಸಲ ಹೇಳಿದೆವು ಎಂದು ಕೇಳಿದೆ. ಆಕೆಗೆ ಈಗ ಸಿಟ್ಟು ಬಂತು.

"ಚರಗಾ ಚೆಲ್ಲೂ ಮುಂದ ಈ ಮೂಲಿಗೆ ಚೆಲ್ಲಿ ಆ ಮೂಲಿಗೆ ಬಿಟ್ಟ ಬರತಾರೇನ್ರಿ ಯಾರರ? ಒಂದ ಹೊಲಾ, ಒಂದ ತಾಯಿ. ಅರ್ಧಕ್ಕ ಉಣಿಸಿ ಅರ್ಧಾ ಉಪವಾಸ ಕೆಡವಂದ್ರ ನನ್ನ ಕೈಲಿ ಆಗೂದಿಲ್ಲ. ಮ್ಯಾಲ ಈ ಅರ್ಧಾ ಕೆಟ್ರ ಭಾವಾರು ಬಿಡತಾರೇನು? ನಿಮ್ಮ ಬೋರ್ಡ ತೋರಿಸಿ ಹೊಲಾ ಉಳಸಕೋಬೇಕೇನ್ ನಾನು?"

ಶೀಗಿ ಹುಣ್ಣಿಮೆಯ ದಿನ ಬುತ್ತಿ ಕಟ್ಟಿಕೊಂಡು ಹೋಗಿ ಬೆಳೆದು ನಿಂತ ಪೈರಿಗೆ ಎಡೆ ಚೆಲ್ಲುವುದನ್ನು ಚರಗ ಎನ್ನುತ್ತೇವೆ. ಹೊಲದ ಒಂದು ಮೂಲೆ ಬಿಟ್ಟರೂ ಭೂಮಿತಾಯಿ ಮುನಿಯುತ್ತಾಳೆ. ನಾನೂ ಚಿಕ್ಕಂದಿನಿಂದ ಚರಗ ಚೆಲ್ಲಿದವನೇ. ಅರ್ಧ ಹೊಲಕ್ಕೆ ಮದ್ದು ಕೊಟ್ಟು ಅರ್ಧಕ್ಕೆ ಬಿಡು ಎಂದು ಹೇಳುವಾಗ ನನಗೆ ಅದು ನೆನಪಾಗಿರಲಿಲ್ಲ.

ಧಾರವಾಡಕ್ಕೆ ಬಂದವನೇ ಸಾಹೇಬರಿಗೆ ಎಲ್ಲ ಹೇಳಿದೆ. ಪ್ರಯೋಗ ಕೆಟ್ಟಿದೆ, ಹೀಗಾಗಿದೆ ಎಂದು ಮೇಲಿನವರಿಗೆ ತಿಳಿಸೋಣ ಎಂದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಬೋರ್ಡಿನ ಮ್ಯಾಲೆ ಏನ್ ಬರದೇವಿ?"

"ಲಸಿಕೆ ಹಾಕದ ಭಾಗ ಅಂತ್ರಿ."

"ಅಂದಮ್ಯಾಲೆ ಹಾಕಿಲ್ಲ."

"ಸರ, ಆಕಿ ಹಾಕ್ಯಾಳ್ರಿ."

"ಇಟ್ಟಂಗಿ ಪುಡಿಯಿಂದ?" ಸಾಹೇಬರು ನಕ್ಕರು. "ಅಷ್ಟು ಸಸಾರ ಇದ್ರ ನಾ ಯಾಕ ಪರದೇಶಕ್ಕ ಹೋಗತಿದ್ದೆ? ಅಡಿಗಿಮನ್ಯಾಗ ಅರದು ತಿಕ್ಕಿದ್ರ ಲಸಿಕೆ ಆಗೂದಿಲ್ಲ. ಏನೂ ಆಗಿಲ್ಲ, ಸುಮ್ಮನಿರು."

ಅವರು ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ಹಾಗೆಯೇ ನಂಬಿದ್ದರು. ಸುಳ್ಳು ಹೇಳುವ ಮೇಲಧಿಕಾರಿಯ ಜೊತೆ ಹೇಗಾದರೂ ಏಗಬಹುದು, ನಂಬಿಕೆಯುಳ್ಳವರ ಜೊತೆ ಬಹಳ ಕಷ್ಟ.

ಆ ವರ್ಷವೂ ಮುರುಟು ಬಂತು. ಜೋಳದ ಹೊಲಗಳ ಆಚೆ ಮೊದಲು ಒಂದೆರಡು ಕಡೆ ಕಾಣಿಸಿ, ದೀಪಾವಳಿಯ ಹೊತ್ತಿಗೆ ಊರ ಸುತ್ತಲಿನ ಮೆಣಸಿನ ಹೊಲಗಳೆಲ್ಲ ಹಳದಿಗೆ ತಿರುಗಿದವು. ಈರಪ್ಪನದು ನೀಲವ್ವನ ಬಾಜೂಕಿನ ಹೊಲ, ನಡುವೆ ಬದು ಮಾತ್ರ. ಅವನ ಗಿಡಗಳು ಮುದುಡಿ ನೆಲ ಹಿಡಿದವು. ಕಡೆಗೆ ಗಿಡ ಕಿತ್ತು, ನೆಲ ಹರಗಿ ಕಡಲೆ ಬಿತ್ತಿದ. ಆ ದಿನಗಳಲ್ಲಿ ಗುಡಗೇರಿ ನಿಲ್ದಾಣದಲ್ಲಿ ಇಳಿಯುವಾಗ ನನ್ನ ಕಾಲು ಹಿಂದೇಟು ಹಾಕುತ್ತಿತ್ತು. ಇವತ್ತು ನೀಲವ್ವನ ಹೊಲವೂ ಹೋಗಿರುತ್ತದೆ, ಆಕೆಯ ಮುಖ ಹೇಗೆ ನೋಡಲಿ ಎಂದು ಪ್ರತಿ ಸಲ ಅಂಜುತ್ತ ನಡೆಯುತ್ತಿದ್ದೆ. ಪ್ರತಿ ಸಲ ಹೊಲ ಹಸಿರಾಗಿರುತ್ತಿತ್ತು. ಬಿಳಿ ಗೂಟದ ಈಚೆಗೂ ಹಸಿರು, ಆಚೆಗೂ ಹಸಿರು. ನನಗೆ ಅಳು ಬರುವಷ್ಟು ಸಂತೋಷವಾಗುತ್ತಿತ್ತು, ಜೊತೆಗೆ ನಮ್ಮ ಪ್ರಯೋಗ ಪೂರ್ತಿ ಹಾಳಾದದ್ದೂ ಕಾಣುತ್ತಿತ್ತು.

ಆಕೆಗೆ ಎಲ್ಲವೂ ತಿಳಿದಿತ್ತು ಎಂದೇನೂ ಅಲ್ಲ. ಗೆದ್ದ ಹುರುಪಿನಲ್ಲಿ ಅದೇ ರಸವನ್ನು ಹಿತ್ತಲಿನ ಹೀರೆಬಳ್ಳಿಗೂ ತಿಕ್ಕಿದ್ದಳು, ಕೆಮ್ಮುತ್ತಿದ್ದ ಎಮ್ಮೆಯ ಕಿವಿಗೂ ತಿಕ್ಕಿದ್ದಳು. ಎಮ್ಮೆ ತಾನಾಗಿ ವಾಸಿಯಾಯಿತು. ಅದನ್ನೂ ನಮ್ಮ ಲೆಕ್ಕಕ್ಕೇ ಹಾಕಿದಳು.

ಕಾಯಿ ಕೆಂಪಾಗಿ ಬಿಡಿಸುವ ಹೊತ್ತಿಗೆ ಯೋಜನೆಯ ಪರಿಶೀಲನೆಗೆ ಸಮಿತಿ ಬಂತು. ಅಧ್ಯಕ್ಷರು ಹೊರಗಿನವರು, ವಯಸ್ಸಾದವರು, ಬಿಸಿಲು ಕಂಡರೆ ಆಗದವರು. ರುದ್ರಗೌಡರು, ಈರಪ್ಪ, ಊರಿನ ನಾಲ್ಕಾರು ಮಂದಿ ಬದುವಿನ ಮೇಲೆ ನಿಂತಿದ್ದರು. ನೀಲವ್ವ ಕಾಯಿ ಬಿಡಿಸುವ ಹೆಂಗಸರ ನಡುವೆ ಇದ್ದಳು. ಸಮಿತಿಯವರು ಈಚೆಯ ಅರ್ಧದ ಕಾಯಿ ತೂಗಿಸಿದರು, ಆಚೆಯ ಅರ್ಧದ್ದು ತೂಗಿಸಿದರು. ಹೆಚ್ಚುಕಡಿಮೆ ಒಂದೇ ತೂಕ.

ಪಕ್ಕದ ಹೊಲಗಳಲ್ಲಿ ಮೆಣಸಿನ ಗಿಡವೇ ಉಳಿದಿಲ್ಲ, ಅದನ್ನೂ ನೋಡಬೇಕು ಎಂದು ನಾನು ಬಾಯಿ ಬಿಟ್ಟೆ. ಅಧ್ಯಕ್ಷರು ಕರುಣೆಯಿಂದ ನನ್ನತ್ತ ನೋಡಿದರು. ಪಕ್ಕದ ಹೊಲ ಪ್ರಯೋಗದ ನಕ್ಷೆಯಲ್ಲಿ ಇಲ್ಲವಲ್ಲ ಎಂದರು. ನಾನು ಇನಾಮದಾರ ಸಾಹೇಬರ ಮುಖ ನೋಡಿದೆ. ಆಚೆಯ ಅರ್ಧಕ್ಕೂ ಲಸಿಕೆ ಬಿದ್ದಿದೆ ಎಂದು ಈಗ ಅವರು ಹೇಳಬಹುದಿತ್ತು. ಹೇಳಿದರೆ ಮೂರು ಮಾತು ಒಪ್ಪಬೇಕಾಗುತ್ತಿತ್ತು. ಒಂದು, ಅವರಿಗೆ ಮೊದಲೇ ಗೊತ್ತಿತ್ತು. ಎರಡು, ಇಟ್ಟಂಗಿ ಪುಡಿ ನಡೆಯುತ್ತದೆ. ಮೂರನೆಯದನ್ನು ಅವರು ಯಾವತ್ತೂ ಒಪ್ಪುವವರಲ್ಲ, ನೀಲವ್ವನ ಕೈಯೂ ನಡೆಯುತ್ತದೆ. ಅವರ ತುಟಿ ಒಂದು ಸಲ ಅಲುಗಿತು. ಆಮೇಲೆ ಬೋರ್ಡಿನ ಕಡೆ ತಿರುಗಿ ನಿಂತರು.

ಅಧ್ಯಕ್ಷರು ಎಲ್ಲರಿಗೂ ಕೇಳುವ ಹಾಗೆ, ಅರ್ಧ ಇಂಗ್ಲಿಷಿನಲ್ಲಿ, ತೀರ್ಪು ಹೇಳಿದರು. ಹಾಕಿದ್ದಕ್ಕೂ ಹಾಕದ್ದಕ್ಕೂ ವ್ಯತ್ಯಾಸವಿಲ್ಲ, ಈ ಲಸಿಕೆಯಿಂದ ಯಾವ ಪ್ರಯೋಜನವೂ ಇಲ್ಲ, ಮುಂದುವರಿಸಲು ಕಾರಣ ಕಾಣುವುದಿಲ್ಲ. ಕಬ್ಬಿನ ಹಾಲು ಕುಡಿದು ಜೀಪು ಹತ್ತಿದರು. ಸಾಹೇಬರು ಅವರೊಂದಿಗೇ ಹೋದರು. ಸಾಮಾನು ಕಟ್ಟಿಕೊಂಡು ಬರಲು ನನ್ನನ್ನು ಬಿಟ್ಟು ಹೋದರು.

ಹಲವು ವರ್ಷದ ಕೆಲಸ ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿದಿತ್ತು. ಗೂಟ ಕೀಳಲು ಬಗ್ಗಿದಾಗ ಬದುವಿನ ಮೇಲೆ ಈರಪ್ಪನ ಧ್ವನಿ ಕೇಳಿಸಿತು.

"ಗೌಡ್ರ, ಹಿರ್ಯಾರೆಲ್ಲಾ ಇಲ್ಲೇ ಅದೀರಿ, ನನ್ನ ಮಾತೊಂದ ಕೇಳ್ರಿ. ಆಕಿ ಪೀಕ ತಂದಾಳ ಅನ್ನಬ್ಯಾಡ್ರಿ. ಇದು ಸರಕಾರದ ಔಷಧದ ಪೀಕು. ಧಾರವಾಡದವ್ರು ಬಂದು ಕೈ ಹಿಡದು ಬೆಳಸ್ಯಾರ. ನನ್ನ ಮೆಣಸಿನಕಾಯಿ ಹೋತು, ಆಕೀದು ನಿಂತು. ಬದು ಒಂದ, ಮಳಿ ಒಂದ. ಔಷಧ ಅಲ್ದ ಮತ್ತೇನ್ರಿ ಇದು? ಈ ಹಂಗಾಮು ಲೆಕ್ಕಕ್ಕ ಬರೂದಿಲ್ಲ. ಹೊಲಾ ನನ್ನ ಕಮತಕ್ಕ ಬರಬೇಕು."

ಆ ಮಾತು ಕೇಳಿ ನಾನು ಗೂಟ ಹಿಡಿದುಕೊಂಡೇ ನಿಂತೆ. ಸಮಿತಿಯವರು ಓದಿದ ಓದಿಗೆಲ್ಲ ಕಾಣದ್ದು ಈರಪ್ಪನಿಗೆ ಬರಿಗಣ್ಣಿಗೆ ಕಂಡಿತ್ತು. ಆ ಹೊಲದ ಬಗ್ಗೆ ಅಂದು ಯಾರಾದರೂ ಸರಿಯಾದ ವಿಜ್ಞಾನ ಆಡಿದ್ದರೆ ಅದು ಅವನೊಬ್ಬನೇ. ಹೆಂಗಸರು ಬಿಡಿಸುವುದು ನಿಲ್ಲಿಸಿದರು. ನೀಲವ್ವ ಉಡಿಯಲ್ಲಿ ಕಾಯಿ ತುಂಬಿಕೊಂಡವಳು ಹಾಗೆಯೇ ನಿಂತಿದ್ದಳು. ಮುಖ ಬಿಳಿಚಿತ್ತು.

ರುದ್ರಗೌಡರು ನನ್ನನ್ನು ಕರೆದರು. "ನೀವ ಹೇಳ್ರಿ. ನಿಮ್ಮ ದೊಡ್ಡ ಸಾಹೇಬ್ರು ಈಗ ಹೋಗೂ ಮುಂದ ಏನಂದ್ರು? ನಮಗ ಅರ್ಧಾ ತಿಳೀತು, ಅರ್ಧಾ ಇಲ್ಲ."

ಏನಂದರು ಎಂದು ಕೇಳಿದರು. ಏನಾಯಿತು ಎಂದು ಕೇಳಲಿಲ್ಲ. ಸರಕಾರಿ ನೌಕರಿಯಲ್ಲಿ ನಾನು ಕಲಿತ ಒಂದು ವಿದ್ಯೆಯೆಂದರೆ ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಡುವುದು.

"ನಮ್ಮ ಲಸಿಕೆಯಿಂದ ಏನೂ ಉಪಯೋಗ ಆಗಿಲ್ಲ ಅಂದ್ರು ಗೌಡ್ರ. ಹಾಕಿದ ಕಡೆನೂ ಅಷ್ಟ, ಹಾಕದ ಕಡೆನೂ ಅಷ್ಟ ಬೆಳದೈತಿ ಅಂದ್ರು."

"ಅಂದ್ರ ಔಷಧ ಕೆಲಸ ಮಾಡಿಲ್ಲ?"

"ಮಾಡಿಲ್ಲ ಅಂತ ಬರಕೊಂಡ ಹೋದ್ರಿ. ಯೋಜನಾನ ಬಂದ್ ಮಾಡತಾರ್ರಿ."

ಗೌಡರು ಕೋಲು ಊರಿಕೊಂಡು ಸ್ವಲ್ಪ ಹೊತ್ತು ಕೆಂಪು ಹೊಲ ನೋಡಿದರು. "ಔಷಧ ಕೆಲಸ ಮಾಡಿಲ್ಲ ಅಂದಮ್ಯಾಲೆ ಯಾರ್ ಮಾಡ್ಯಾರಪಾ ಈರಪ್ಪ? ಆಕಿನ ಮಾಡ್ಯಾಳ. ಹೊಲಾ ಆಕಿ ಕಡೆ ಇರ್ಲಿ. ಮಾತ ಮುಗೀತು" ಎಂದರು. ಈರಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ತನ್ನ ಕಡಲೆಯ ಹೊಲದ ಕಡೆ ನಡೆದ. ಅವನ ಬಗ್ಗೆ ನನಗೆ ಕೆಡುಕೆನಿಸಿತು. ಸರಿಯಾದ ಮಾತನಾಡಿ ಸೋತಿದ್ದ.

ಎಲ್ಲರೂ ಹೋದ ಮೇಲೆ ನೀಲವ್ವ ಉಡಿಯ ಕಾಯಿಯನ್ನು ಚೀಲಕ್ಕೆ ಸುರಿದು ನನ್ನ ಹತ್ತಿರ ಬಂದಳು. ಕಣ್ಣು ಒರೆಸಿಕೊಂಡಳು.

"ನನ್ನ ಸಲುವಾಗಿ ನಿಮ್ಮ ಔಷಧದ ಮಾನಾ ಹೋತಲ್ರಿ ಅಣ್ಣಾರ."

ಹೋಗಲಿ ಬಿಡ್ರಿ ಎಂದೆ. ಅಷ್ಟಕ್ಕೇ ಬಿಡದೆ, ಉತ್ಸಾಹದಲ್ಲಿ ಇನ್ನೂ ಒಂದು ಮಾತು ಸೇರಿಸಿದೆ. ಯೋಜನೆ ನಿಂತರೂ ಚಿಂತೆಯಿಲ್ಲ, ಜಾಲರಿ ಮನೆಯಲ್ಲಿ ಇನ್ನೂ ಗಿಡಗಳಿವೆ. ಮುಂದಿನ ಮಳೆಗಾಲಕ್ಕೆ ನಾನು ರಜೆ ಹಾಕಿ, ಸ್ವಂತ ಖರ್ಚಿನಲ್ಲಿ ರಸ ತಂದು ಇಡೀ ಹೊಲಕ್ಕೆ ಹಾಕಿಕೊಡುತ್ತೇನೆ. ನಮ್ಮ ಲಸಿಕೆ ಕೆಲಸ ಮಾಡುತ್ತದೆ ಎಂದು ಆಗಲಾದರೂ ಎಲ್ಲರಿಗೂ ತೋರಿಸೋಣ.

ಆಕೆ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದಳು. ಸುತ್ತ ಯಾರಾದರೂ ಕೇಳಿಸಿಕೊಂಡರೇ ಎಂದು ನೋಡಿದಳು. ಆಮೇಲೆ ನನ್ನ ಕಂಕುಳಲ್ಲಿದ್ದ ಗೂಟಗಳ ಮೇಲೆ, ತಾನೇ ಕಿತ್ತು ತಂದಿದ್ದ ಇನ್ನೊಂದು ಗೂಟವನ್ನು ಸೇರಿಸಿಟ್ಟಳು.

"ಬ್ಯಾಡ್ರಿ ಅಣ್ಣಾರ, ನಿಮ್ಮ ಕಾಲಿಗೆ ಬೀಳತೀನಿ. ಉಣ್ಣಾಕ ಬರ್ರಿ, ಹಬ್ಬಕ್ಕ ಬರ್ರಿ. ಥರ್ಮಾಸ್ ತಗೊಂಡು ಮಾತ್ರ ಈ ಊರಿಗೆ ಬರಬ್ಯಾಡ್ರಿ. ಅದು ಕೆಲಸ ಮಾಡತೈತಿ ಅಂತ ಗೊತ್ತಾದ್ರ, ಹೊಲಾ ನಂದಲ್ಲ."